ತಂಗಡಗಿಯ ಪತಂಗದ ಹೊಟ್ಟೆ

ಆ ಪತಂಗಕ್ಕೆ ಬೇರೆ ಹುಳದ ಹೊಟ್ಟೆ ಅಂಟಿಸಿದವನು ನಾನು. ನಿಮ್ಮ ತಮ್ಮ ಅಲ್ಲ, ಬಾಯಾರೆ — ನಾನು.

ಈ ಎರಡು ಸಾಲು ಬರೆಯಲು ನನಗೆ ಹದಿನಾಲ್ಕು ವರ್ಷ ಬೇಕಾಯಿತು. ಬರೆದ ಮೇಲೆ ನೋಡಿದರೆ ಎಷ್ಟು ಸಣ್ಣ ಸಾಲುಗಳು! ಬೇರೆ ಯಾರಾದರೂ ಓದಿದರೆ, ಒಂದು ಹುಳದ ಹೊಟ್ಟೆಗೆ ಇಷ್ಟು ಮಾತೇ ಎಂದು ನಕ್ಕಾರು. ಅಂಥವರಿಗೂ ತಿಳಿಯಲಿ ಎಂದು ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ನಿಮಗೆ ಗೊತ್ತಿರುವುದೇ ಆದರೂ ತಾಳಿಕೊಳ್ಳಿ. ನಿಮಗೆ ಗೊತ್ತಿಲ್ಲದ್ದು ನಡುವೆ ಬರುತ್ತದೆ.

ನಾನು ಮುದ್ದೇಬಿಹಾಳದ ಒಂದು ಕಾಲೇಜಿನಲ್ಲಿ ಪ್ರಯೋಗಶಾಲೆಯ ಜವಾನನಾಗಿದ್ದೆ. ಓದಿದ್ದು ಎಸ್ಸೆಸ್ಸೆಲ್ಸಿ. ನೀವು ಪ್ರಾಣಿಶಾಸ್ತ್ರ ಕಲಿಸಲು ಇಂಡಿಯಿಂದ ಬಂದಿರಿ. ಆಗ ನಿಮಗೆ ಮೂವತ್ತು ತುಂಬಿರಲಿಲ್ಲ, ನನಗೆ ನಲವತ್ತಾರು. ಎಲ್ಲರೂ ನಿಮ್ಮನ್ನು ಸುಮಿತ್ರಾ ಮೇಡಂ ಅನ್ನುತ್ತಿದ್ದರು. ನನ್ನ ಬಾಯಿಗೆ ಮೇಡಂ ಹತ್ತಲಿಲ್ಲ. ಸಣ್ಣವನಿದ್ದಾಗ ಸಾಲಿಯಲ್ಲಿ ಅಕ್ಷರ ತಿದ್ದಿಸಿದ ಶಿಕ್ಷಕಿಯನ್ನು ಕರೆದಂತೆ ಬಾಯಾರ ಎಂದೇ ಕರೆದೆ. ನೀವು ಬೇಡ ಅನ್ನಲಿಲ್ಲ.

ನಿಮಗೆ ಪತಂಗಗಳ ಹುಚ್ಚು. ದೀಪಕ್ಕೆ ಬಂದು ಬೀಳುವ ಹುಳಗಳಿಗೆ ಹೆಸರು ಇರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ಬಸ್ ನಿಲ್ದಾಣದ ಸುಣ್ಣದ ಗೋಡೆಯ ಮೇಲೆ, ಟ್ಯೂಬ್‌ಲೈಟಿನ ಕೆಳಗೆ, ಬೆಳಗಾದರೂ ಅವು ಅಂಟಿಕೊಂಡು ಮಲಗಿರುತ್ತಿದ್ದವು. ಕಸ ಗುಡಿಸುವವರು ಬರುವ ಮೊದಲೇ ನಾವು ಹೋಗಬೇಕು. ನೀವು ಒಂದು ತುದಿಯಿಂದ, ನಾನು ಇನ್ನೊಂದು ತುದಿಯಿಂದ, ಕೈಯಲ್ಲಿ ಗಾಜಿನ ಬಾಟಲಿ. ಮೊದಲ ಬಸ್ಸಿನ ಕಂಡಕ್ಟರ್ ದಿನಾಲೂ ಕೂಗುತ್ತಿದ್ದ:

“ಏ ಸಾಯಬಣ್ಣ, ಮುಂಜಾನೆದ್ದು ಗ್ವಾಡಿ ನೆಕ್ಕಾಕತ್ತಿಯೇನೋ? ಮನ್ಯಾಗ ಚಾ ಕೊಡಾಂಗಿಲ್ಲೇನು?”

ನೀವು ನಗುತ್ತಿದ್ದಿರಿ. ಆ ನಗುವಿಗಾಗಿಯೇ ಅವನು ಕೂಗಲಿ ಎಂದು ನಾನು ಕಾಯುತ್ತಿದ್ದೆ. ಇದನ್ನೂ ಇವತ್ತೇ ಹೇಳಿಬಿಡುತ್ತೇನೆ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು ಇದ್ದವನು ನಾನು. ನಿಮ್ಮ ಕಡೆ ಕೆಟ್ಟ ಕಣ್ಣಿನಿಂದ ನೋಡಿದವನಲ್ಲ. ಆದರೆ ಆ ಮುಂಜಾನೆಗಳು — ಅವಕ್ಕೆ ಏನು ಹೆಸರೋ ನನಗೆ ಗೊತ್ತಿಲ್ಲ. ರೆಕ್ಕೆ ಬಿಚ್ಚಿ ಹಲಗೆಯ ಮೇಲೆ ಹರಡಿಟ್ಟ ಹುಳಕ್ಕೇ ಹೆಸರು ಹೇಳುವುದು ಅಷ್ಟು ಕಷ್ಟ ಎಂದ ಮೇಲೆ, ಮನುಷ್ಯನ ಒಳಗೆ ಮಡಚಿಕೊಂಡು ಕೂತಿದ್ದಕ್ಕೆ ಯಾರು ಹೆಸರು ಹೇಳಬೇಕು?

ಎಷ್ಟು ಕಷ್ಟ ಎಂಬುದನ್ನು ನೀವೇ ತೋರಿಸಿಕೊಟ್ಟಿರಿ. ಒಂದು ಸಲ ಇಪ್ಪತ್ತು ಬೂದು ಹುಳಗಳನ್ನು ಥರ್ಮೊಕೋಲಿನ ಮೇಲೆ ಸಾಲಾಗಿ ಚುಚ್ಚಿಟ್ಟು ಕೇಳಿದಿರಿ:

“ಇವು ಎಷ್ಟು ಜಾತಿ ಹೇಳ್ರಿ ಸಾಯಬಣ್ಣ?”

“ಒಂದ ಅಲ್ಲೇನ್ರಿ? ಎಲ್ಲಾ ಒಂದ ತಾಯಿ ಹಡದಂಗ ಅದಾವು.”

“ನಾನೂ ಒಂದ ಅಂದಿದ್ದೆ. ಮೂರು ಅದಾವು. ನಾಕೂ ಇರಬಹುದು. ರೆಕ್ಕಿ ನಂಬಬ್ಯಾಡ್ರಿ, ರೆಕ್ಕಿ ಸುಳ್ಳ ಹೇಳ್ತೈತಿ. ಖರೇ ಮಾತು ಹೊಟ್ಟಿ ತುದ್ಯಾಗ ಇರ್ತೈತಿ.”

ಗಂಡು ಒಂದು ಬಣ್ಣ, ಹೆಣ್ಣು ಒಂದು ಬಣ್ಣ. ಮಳೆಗಾಲದಲ್ಲಿ ಹುಟ್ಟಿದ್ದು ಕಪ್ಪು, ಬೇಸಿಗೆಯಲ್ಲಿ ಹುಟ್ಟಿದ್ದು ಬಿಳುಚು. ನಾಲ್ಕು ದಿನ ಹಾರಿದರೆ ರೆಕ್ಕೆಯ ಹುಡಿ ಉದುರಿ ಗುರುತೇ ಅಳಿಸಿಹೋಗುತ್ತದೆ. ಇದೇ ಜಾತಿ ಎಂದು ಆಣೆ ಮಾಡಿ ಹೇಳಬೇಕಾದರೆ ಹೊಟ್ಟೆಯ ತುದಿಯನ್ನು ಕಾಸ್ಟಿಕ್ ನೀರಿನಲ್ಲಿ ಬೇಯಿಸಿ, ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಬೇಕು. ಅಲ್ಲಿ ಏನು ನೋಡುತ್ತೀರಿ ಎಂದು ನಾನು ಕೇಳಲಿಲ್ಲ, ನೀವೂ ಹೆಚ್ಚು ವಿವರಿಸಲಿಲ್ಲ. ಒಂದು ಮಾತು ಮಾತ್ರ ನನ್ನ ತಲೆಯಲ್ಲಿ ಕೂತಿತು — ಹೊಟ್ಟೆ ಹೋದರೆ ಹುಳದ ಹೆಸರೇ ಹೋದಂತೆ. ಅದು ಗೊತ್ತಿಲ್ಲದೆ ಮಾಡಿದೆ ಎಂದು ಹೇಳಲು ನನಗೆ ದಾರಿಯಿಲ್ಲ.

ಇನ್ನೊಂದು ಕಲಿಸಿದಿರಿ — ಚೀಟಿ. ಪ್ರತಿ ಹುಳದ ಸೂಜಿಗೂ ಬೆರಳಿನ ಉಗುರಿನಷ್ಟು ಚೀಟಿ. ಊರು, ತಾರೀಖು, ಹಿಡಿದವರ ಹೆಸರು. “ಇವು ಮೂರೂ ಇರಲಿಲ್ಲಂದ್ರ ಅದು ಹುಳ ಅಲ್ಲರಿ, ಬರೇ ಧೂಳ,” ಅನ್ನುತ್ತಿದ್ದಿರಿ.

ನನ್ನ ಹೆಂಡತಿಯ ತವರು ತಂಗಡಗಿ. ಅಲ್ಲಿಗೆ ಹೋದಾಗ ಒಂದು ಬೆಳಿಗ್ಗೆ, ಹೊಳೆಯ ದಾರಿಯ ಒಂದು ಮನೆಯ ಗೋಡೆಯ ಮೇಲೆ ಆ ಹುಳ ಕಂಡಿತು. ಬೂದಿ ಬಣ್ಣ. ಮುಂದಿನ ರೆಕ್ಕೆಯ ನಡುವೆ ಒಡೆದ ತೊಗರಿಬೇಳೆಯಂಥ ಒಂದು ಗುರುತು. ಕೈಯಲ್ಲಿ ಬಾಟಲಿ ಇರಲಿಲ್ಲ. ಬೆಂಕಿಪೊಟ್ಟಣ ಖಾಲಿ ಮಾಡಿ ಅದರಲ್ಲಿ ಹಿಡಿದು ತಂದೆ. ನೀವು ಎರಡು ದಿನ ಅದನ್ನೇ ನೋಡಿದಿರಿ. ಪುಸ್ತಕ ತೆರೆದಿರಿ, ಮುಚ್ಚಿದಿರಿ.

“ನೋಡಾಕ ತೊಗರಿ ಹುಳದಂಗ ಐತಿ. ಆದ್ರ ಅಲ್ಲ,” ಅಂದಿರಿ. ಮತ್ತೊಮ್ಮೆ ಅದರ ಮೇಲೆ ಬಗ್ಗಿದಿರಿ. “ಇದು ಇನ್ನಾ ಯಾರೂ ನೋಡಲಾರದ್ದ ಹೊಸಾ ಜಾತಿ ಇರಬಹುದು ಸಾಯಬಣ್ಣ.”

ತೊಗರಿ ಹುಳ ಎಂದರೆ ನಮ್ಮ ಕಡೆಯ ರೈತರಿಗೆಲ್ಲ ಗೊತ್ತಿರುವ ಶನಿ. ತೊಗರಿ ಕಾಯಿ ಕೊರೆದು ತಿನ್ನುವ ಹಸಿರು ಹುಳ ಬೆಳೆದು ಆಗುವ ಪತಂಗ. ತಂಗಡಗಿಯ ಹುಳ ಅದಲ್ಲ ಎಂದು ತೋರಿಸಬೇಕಾದರೆ ಹೊಟ್ಟೆ ನೋಡಲೇಬೇಕು. ಇದ್ದದ್ದು ಒಂದೇ ಹುಳ. ನಿಮ್ಮ ಕೈಯಲ್ಲಿ ಕೆಟ್ಟೀತೆಂದು ಹೆದರಿ, ಪುಣೆಯಲ್ಲಿದ್ದ ಒಬ್ಬ ಹಿರಿಯ ಪಂಡಿತರಿಗೆ ಕಳಿಸುವುದೆಂದು ನಿಶ್ಚಯಿಸಿದಿರಿ. ಅವರು ಒಪ್ಪಿ ಬರೆದರೆ ನಿಮ್ಮ ಪಿಎಚ್‌ಡಿಗೆ ದಾರಿ. ನೀವು ಎರಡು ವರ್ಷ ಪುಣೆಯಲ್ಲೇ ಇರಬೇಕಾಗುತ್ತದೆ ಎಂದೂ ಹೇಳಿದಿರಿ, ಬಹಳ ಸಂತೋಷದಿಂದ. ನಾನೂ ನಕ್ಕೆ. ಎರಡು ವರ್ಷದ ಮುಂಜಾನೆಗಳನ್ನು ಮನಸ್ಸಿನಲ್ಲೇ ಎಣಿಸಿದೆ.

ಚೀಟಿಯ ಮೇಲೆ ಹಿಡಿದವರು ಎಂಬಲ್ಲಿ ನನ್ನ ಹೆಸರು ಬರೆದಿರಿ. ನಾನು ಬೇಡ ಅಂದೆ. “ಹಿಡದವ್ರು ನೀವ ಅಲ್ಲೇನ್ರಿ?” ಅಂದಿರಿ. ಮತದಾರರ ಪಟ್ಟಿ, ಪಗಾರದ ಪುಸ್ತಕ ಬಿಟ್ಟರೆ ನನ್ನ ಹೆಸರನ್ನು ಬೇರೆಲ್ಲೂ ಯಾರೂ ಬರೆದಿರಲಿಲ್ಲ.

ನಿಮ್ಮ ತಮ್ಮ ಪ್ರಭು ಬಾಗೇವಾಡಿಯ ಮೇಲೆ ಹಾದು ಪುಣೆಗೆ ಹೋಗುವವನಿದ್ದ. ಪೆಟ್ಟಿಗೆಯನ್ನು ಬಸವನ ಬಾಗೇವಾಡಿಯ ಬಸ್ ನಿಲ್ದಾಣದಲ್ಲಿ ಅವನ ಕೈಗೆ ಕೊಡುವ ಕೆಲಸ ನನ್ನದು. ಅದರಲ್ಲಿ ಎರಡೇ ಹುಳ — ತಂಗಡಗಿಯದು, ಹೋಲಿಸಿ ನೋಡಲು ಅದರ ಪಕ್ಕದಲ್ಲಿ ಒಂದು ತೊಗರಿ ಹುಳ. ಎರಡೂ ಒಣಗಿ ಹಪ್ಪಳದಂತೆ ಆಗಿದ್ದವು. ನೀವು ಮೂರು ಸಲ ಹೇಳಿದಿರಿ: ತೊಡೆಯ ಮೇಲೆ ಇಟ್ಟುಕೊಳ್ಳಿ, ಬಸ್ಸಿನಲ್ಲಿ ತಲೆಯ ಮೇಲಿನ ಸಾಮಾನಿನ ಹಲಗೆಯಲ್ಲಿ ಇಡಬೇಡಿ, ಮುಚ್ಚಳ ತೆಗೆಯಬೇಡಿ.

ತೊಡೆಯ ಮೇಲೆ ಟವೆಲ್ ಹಾಸಿ, ಅದರ ಮೇಲೆ ಪೆಟ್ಟಿಗೆ ಇಟ್ಟುಕೊಂಡು ಹೋದೆ. ರಸ್ತೆಯ ಒಂದು ತಗ್ಗಿಗೂ ಅಲುಗಾಡಗೊಡಲಿಲ್ಲ. ಅಷ್ಟು ಜೋಪಾನ ಮಾಡಿದವನು —

ಬಾಗೇವಾಡಿಯಲ್ಲಿ ಪ್ರಭು ಬರಲು ಇನ್ನೂ ಒಂದು ತಾಸು ಇತ್ತು. ನನ್ನ ಹೆಂಡತಿಯ ತಮ್ಮ ಭೀಮಪ್ಪ ತೊಗರಿ ಮಾರಲು ಬಂದಿದ್ದವನು ಸಿಕ್ಕ. ಚಹಾದಂಗಡಿಯಲ್ಲಿ ಕೂತೆವು. ಪೆಟ್ಟಿಗೆಯಲ್ಲಿ ಏನಿದೆ ಎಂದು ಕೇಳಿದ. ಹೇಳಿದೆ. ನಂಬಲಿಲ್ಲ.

“ಹುಳದ ಮ್ಯಾಲ ನಿನ್ನ ಹೆಸರ? ಏನ್ ಮಾವಾ, ಮುಂಜಾನೇನ ಏರಿಸಿಯೇನು?”

ಮುಚ್ಚಳ ತೆಗೆದೆ. ಬೇರೆ ಕಾರಣ ಏನೂ ಇಲ್ಲ. ನನ್ನ ಹೆಸರು ತೋರಿಸಲು ತೆಗೆದೆ. ಅವನು ಬಗ್ಗಿ ನೋಡಿ ದೊಡ್ಡ ದನಿಯಲ್ಲಿ ನಕ್ಕುಬಿಟ್ಟ.

“ಇದು ನಮ್ಮ ಹೊಲದಾಗಿನ ತೊಗರಿ ಹುಳ ಮಾವಾ! ಇದನ್ನ ಪುಣೇಕ್ಕ ಕಳಸ್ತೀರಾ? ನಮ್ಮ ಹೊಲಕ್ಕ ಬಾ, ಚೀಲಗಟ್ಲೆ ಕೊಡ್ತೇನಿ!”

“ಎರಡೂ ಒಂದ ಅಲ್ಲೋ, ಗುರುತ ನೋಡು,” ಎಂದು ನಾನು ಪೆಟ್ಟಿಗೆಯನ್ನು ಅವನ ಮುಖದ ಹತ್ತಿರ ಓರೆ ಮಾಡಿದೆ. ಅವನು ಇನ್ನೂ ನಗುತ್ತ, ಯಾವುದು ಎಂದು ತೋರುಬೆರಳು ಚಾಚಿದ. ನಾನು ಹಿಂದಕ್ಕೆ ಎಳೆದುಕೊಂಡೆ. ಅಷ್ಟೇ. ಪೆಟ್ಟಿಗೆ ಮೇಜಿನ ಅಂಚಿಗೆ ಬಡಿಯಿತು. ನೋಡಿದರೆ ಎರಡೂ ಹುಳಗಳ ಹೊಟ್ಟೆ ಮುರಿದುಹೋಗಿದ್ದವು. ರೆಕ್ಕೆ, ತಲೆ, ಚೀಟಿ ಎಲ್ಲ ಸೂಜಿಯ ಮೇಲೆ ಹಾಗೇ ಇದ್ದವು. ಮೇಜಿನ ಮೇಲೆ ಒಂದು ಹೊಟ್ಟೆ ಬಿದ್ದಿತ್ತು. ಇನ್ನೊಂದು ಎಲ್ಲೂ ಇಲ್ಲ. ನೆಲದ ಮೇಲೆ ಮೊಣಕಾಲೂರಿ ಹುಡುಕಿದೆ. ಭೀಮಪ್ಪನ ನಗು ನಿಂತಿತು. “ಹೋಗ್ಲಿ ಬಿಡು ಮಾವಾ, ಹುಳದ ಹೊಟ್ಟಿ ಯಾರ ನೋಡ್ತಾರ,” ಅಂದ.

ಯಾರು ನೋಡುತ್ತಾರೆ ಎಂಬುದು ನನಗೆ ಗೊತ್ತಿತ್ತು.

ಸಿಕ್ಕ ಹೊಟ್ಟೆ ಯಾವ ಹುಳದ್ದು? ಹೊರಗಿನಿಂದ ನೋಡಿದರೆ ಹೇಳಲು ಬರುವುದಿಲ್ಲ. ಬಂದಿದ್ದರೆ ಪುಣೆಗೆ ಕಳಿಸುವ ಪ್ರಮೇಯವೇ ಇರಲಿಲ್ಲ. ಹತ್ತಿರದ ಅಂಚೆ ಕಚೇರಿಗೆ ಓಡಿದೆ. ಅಲ್ಲಿ ಲಕೋಟೆ ಅಂಟಿಸಲು ಇಟ್ಟ ಗೋಂದಿನ ಬಾಟಲಿ ಇತ್ತು. ಗುಂಡುಸೂಜಿಯ ತುದಿಯಿಂದ ಒಂದು ಹನಿ ಗೋಂದು ತೆಗೆದು, ಆ ಹೊಟ್ಟೆಯನ್ನು ತಂಗಡಗಿಯ ಹುಳಕ್ಕೆ ಅಂಟಿಸಿದೆ. ತೊಗರಿ ಹುಳವನ್ನು ಹೊಟ್ಟೆಯಿಲ್ಲದೆ ಹಾಗೇ ಬಿಟ್ಟೆ. ಕೈ ನಡುಗುತ್ತಿರಲಿಲ್ಲ, ಬಾಯಾರೆ. ನೀವು ಕಲಿಸಿದ ಕೈ — ಬಹಳ ಚೆಂದ ಅಂಟಿತು.

ಪ್ರಭು ಬಂದ. ಪೆಟ್ಟಿಗೆ ಕೊಟ್ಟೆ. “ಮುಚ್ಚಳ ತಗೀಬ್ಯಾಡ್ರಿ,” ಎಂದು ಅವನಿಗೆ ನಾನೇ ಹೇಳಿದೆ!

ಇಲ್ಲಿಯವರೆಗೆ ನಡೆದದ್ದನ್ನು ಹೆದರಿಕೆ ಎನ್ನಬಹುದು. ಮುಂದಿನದಕ್ಕೆ ಆ ಹೆಸರು ಕೊಡಲಾರೆ.

ಅಂದು ಸಂಜೆ ಮುದ್ದೇಬಿಹಾಳಕ್ಕೆ ಬಂದಿಳಿದು, ಹೆಗಲ ಮೇಲಿನ ಟವೆಲ್ ಕೊಡವಿದೆ. ಅದರ ಮಡಿಕೆಯಿಂದ ಎರಡನೆಯ ಹೊಟ್ಟೆ ಅಂಗೈ ಮೇಲೆ ಬಿತ್ತು. ಜೋಳದ ಕಾಳಿನಷ್ಟೂ ಭಾರವಿಲ್ಲ. ಆಗ ನೀವು ಇನ್ನೂ ಕಾಲೇಜಿನಲ್ಲೇ ಇದ್ದಿರಿ. ಪ್ರಯೋಗಶಾಲೆಯ ಕಿಟಕಿ ತೆರೆದಿತ್ತು. ಪುಣೆಯವರ ಫೋನ್ ನಂಬರು ನಿಮ್ಮ ಬಳಿ ಇತ್ತು, ಎದುರಿಗೇ ಎಸ್‌ಟಿಡಿ ಅಂಗಡಿ. “ಹುಳ ಮುರದೈತ್ರಿ ಬಾಯಾರ, ಇನ್ನೊಂದು ಹೊಟ್ಟಿ ಇಲ್ಲೈತಿ” — ಇಷ್ಟು ಮಾತು ಸಾಕಿತ್ತು. ಪುಣೆಯವರು ಎರಡನ್ನೂ ನೋಡಿ ಯಾವುದು ಯಾವುದರದೆಂದು ಹೇಳುತ್ತಿದ್ದರು. ಬಾಗಿಲವರೆಗೆ ಬಂದೆ. ನೀವು ಒಬ್ಬರೇ ಏನೋ ಗುನುಗುತ್ತ ಬಾಟಲಿ ತೊಳೆಯುತ್ತಿದ್ದಿರಿ.

ಹೇಳಲಿಲ್ಲ. ಬೈಗುಳದ ಹೆದರಿಕೆ ಇತ್ತು, ಚೀಟಿಯ ಮೇಲಿನ ನನ್ನ ಹೆಸರು ಅಳಿಸಿಬಿಟ್ಟೀರಿ ಎಂಬ ಹೆದರಿಕೆಯೂ ಇತ್ತು. ಅವೆರಡರ ಕೆಳಗೆ ಇನ್ನೊಂದು ಇತ್ತು. ಅಂಟಿಸಿ ಕಳಿಸಿದ್ದು ತೊಗರಿ ಹುಳದ ಹೊಟ್ಟೆಯೇ ಆಗಿದ್ದರೆ, ನೀವು ಪುಣೆಗೆ ಹೋಗುವುದಿಲ್ಲ. ಈ ಯೋಚನೆ ಬಂದದ್ದು ನಿಜ. ಬಂದದ್ದನ್ನು ನಾನು ಓಡಿಸಲಿಲ್ಲ ಎಂಬುದೂ ನಿಜ. ಹೊಟ್ಟೆಯನ್ನು ಬೆಂಕಿಪೊಟ್ಟಣದಲ್ಲಿ ಹತ್ತಿಯ ಮೇಲೆ ಇಟ್ಟು, ನುಸಿಗುಳಿಗೆಯ ಚೂರು ಹಾಕಿ ಮುಚ್ಚಿದೆ.

ಎರಡು ತಿಂಗಳ ಮೇಲೆ ಪೆಟ್ಟಿಗೆ ತಿರುಗಿ ಬಂತು, ಜೊತೆಗೆ ಇಂಗ್ಲಿಷಿನ ಪತ್ರ. ನೀವು ಅದನ್ನು ನನಗೆ ಕನ್ನಡದಲ್ಲಿ ಓದಿ ಹೇಳಿದಿರಿ. ಈ ಗುಂಪಿನ ಹುಳಗಳನ್ನು ಬರೀ ರೆಕ್ಕೆ ನೋಡಿ ಹೇಳಲು ಬರುವುದಿಲ್ಲ. ಹೊಟ್ಟೆ ಮಾತ್ರ ಸಾಮಾನ್ಯ ತೊಗರಿ ಹುಳದ್ದು. ಅದನ್ನು ಪಕ್ಕದ ಹುಳದಿಂದ ತೆಗೆದು ಗೋಂದಿನಿಂದ ಅಂಟಿಸಲಾಗಿದೆ. ಇಂಥದ್ದನ್ನು ಇನ್ನು ಮುಂದೆ ಕಳಿಸಬೇಡಿ. ಓದುತ್ತ ನಿಮ್ಮ ಕಿವಿಗಳು ಕೆಂಪಾದವು. ಪತ್ರ ಮಡಚಿ ಕೇಳಿದಿರಿ:

“ಸಾಯಬಣ್ಣ, ದಾರ್ಯಾಗ ಪೆಟ್ಟಿಗಿ ತಗದಿದ್ರೇನ್ರಿ?”

“ಇಲ್ಲರಿ ಬಾಯಾರ.”

“ಬಿದ್ದಿತ್ತೇನ್ರಿ? ಬಿದ್ದಿದ್ರ ಹೇಳ್ರಿ, ನಾ ಏನೂ ಅನ್ನಂಗಿಲ್ಲ.”

“ಇಲ್ಲರಿ. ನಿಮ್ಮ ತಮ್ಮಾರ ಕೈಯಾಗ ಕೊಟ್ಟಾಗ ಚಂದ ಇತ್ತು.”

ಕೊನೆಯ ಆ ಮಾತನ್ನು ನೀವು ಕೇಳಿರಲಿಲ್ಲ. ನಾನೇ ಸೇರಿಸಿದೆ.

ನೀವು ಪ್ರಭುವನ್ನೂ ಕೇಳಿದಿರಿ. ಅವನೂ ಇಲ್ಲ ಅಂದ. ಇಬ್ಬರಲ್ಲಿ ಒಬ್ಬ ಸುಳ್ಳ. ನೀವು ಒಡಹುಟ್ಟಿದವನನ್ನು ಬಿಟ್ಟು ನನ್ನನ್ನು ನಂಬಿದಿರಿ. “ಸಾಯಬಣ್ಣಗ ಹುಳ ಅಂದ್ರ ಏನಂತ ಗೊತ್ತೈತಿ. ಅವ್ರು ಹಂಗ ಮಾಡಾವ್ರಲ್ಲ,” ಎಂದು ಫೋನಿನಲ್ಲಿ ಅವನಿಗೆ ಹೇಳಿದ್ದನ್ನು ನಾನು ಪಕ್ಕದಲ್ಲಿ ನಿಂತು ಕೇಳಿದೆ. ಪುಣೆಯವರಿಗೆ ಮಾತ್ರ, ತಪ್ಪನ್ನು ನಿಮ್ಮ ಮೇಲೆಯೇ ಹಾಕಿಕೊಂಡು ಬರೆದಿರಿ.

ಒಂದು ವರ್ಷ ತಂಗಡಗಿಯ ಗೋಡೆಗಳನ್ನೆಲ್ಲ ಹುಡುಕಿದೆವು. ಅಂಥ ಹುಳ ಮತ್ತೆ ಸಿಗಲಿಲ್ಲ. ನಿಮ್ಮ ಪಿಎಚ್‌ಡಿಯ ಮಾತು ಅಲ್ಲಿಗೇ ನಿಂತಿತು. ನೀವು ಪುಣೆಗೆ ಹೋಗಲಿಲ್ಲ — ನಾನು ಬಯಸಿದಂತೆಯೇ. ಆದರೆ ಮುದ್ದೇಬಿಹಾಳದಲ್ಲೂ ಉಳಿಯಲಿಲ್ಲ. ಬೆಳಿಗ್ಗೆ ಗೋಡೆಗೆ ಬರುವುದನ್ನು ಬಿಟ್ಟಿರಿ. ಮುಂದಿನ ವರ್ಷ ಸಿಂದಗಿಯಲ್ಲಿ ಕೆಲಸ ಹಿಡಿದಿರಿ. ಹೋಗುವ ದಿನ ಆ ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟು, “ಇದನ್ನ ಒಗದಬಿಡ್ರಿ,” ಅಂದಿರಿ.

ಒಗೆಯಲಿಲ್ಲ.

ಒಮ್ಮೆ ಹೇಳಲೆಂದೇ ಸಿಂದಗಿಗೆ ಬಂದೆ. ನೆನಪಿದೆಯೇ? ಕೆಲಸವಿತ್ತು, ಹಾಗೇ ಬಂದೆ ಎಂದು ಸುಳ್ಳು ಹೇಳಿದೆ. ನೀವು ಚಹಾ ತರಿಸಿ, ಹೆಂಡತಿ ಮಕ್ಕಳನ್ನು ಕೇಳಿ, ಕೊನೆಗೆ ಕೇಳಿದಿರಿ: “ಹುಳ ನೋಡ್ತೀರೇನ್ರಿ ಇನ್ನಾ?” ಇಲ್ಲರಿ ಎಂದೆ. ಅದೂ ಸುಳ್ಳು. ನೀವು ಹೋದ ಮರುದಿನದಿಂದ ಇವತ್ತಿನವರೆಗೂ ನಾನು ಬೆಳಿಗ್ಗೆ ಆ ಗೋಡೆಗೆ ಹೋಗುತ್ತೇನೆ. ಕಂಡಕ್ಟರ್ ನಿವೃತ್ತನಾದ. ಗೋಡೆಗೆ ಸುಣ್ಣ ಹೋಗಿ ಬಣ್ಣ ಬಂತು. ಹುಳಗಳು ಬರುತ್ತವೆ. ನಾನು ಹಿಡಿಯುವುದಿಲ್ಲ, ನಿಂತು ನೋಡುತ್ತೇನೆ. ಗೋಡೆಯ ಆ ತುದಿಯಲ್ಲಿ ಯಾರಾದರೂ ಹೆಂಗಸರು ಬಸ್ಸಿಗೆ ಕಾದು ನಿಂತಿದ್ದರೆ ನೀವೇ ಎಂದು ಎರಡು ಹೆಜ್ಜೆ ಆ ಕಡೆ ಇಟ್ಟುಬಿಡುತ್ತೇನೆ. “ಅರವತ್ತಾದ್ರೂ ಹುಳದ ಹುಚ್ಚ ಬಿಡವಲ್ದು,” ಎಂದು ನನ್ನ ಹೆಂಡತಿ ಗೊಣಗುತ್ತಾಳೆ. ಹುಳದ್ದೇ ಹುಚ್ಚು ಎಂದು ಅವಳು ತಿಳಿದಿದ್ದಾಳೆ.

ಹೀಗೇ ಸತ್ತುಹೋಗುತ್ತಿದ್ದೆನೇನೋ. ಹೋದ ವಾರ ದೇವರ ಹಿಪ್ಪರಗಿಯ ಸಂತೆಯ ದಿನ, ಬಸ್ಸಿನಲ್ಲಿ ಪಕ್ಕದಲ್ಲಿ ಕೂತವನು ನಿಮ್ಮ ತಮ್ಮ ಪ್ರಭು. ತಲೆ ನರೆತಿತ್ತು. ನನ್ನನ್ನು ಅವನೇ ಗುರುತು ಹಿಡಿದ. ನಿಮ್ಮ ಸುದ್ದಿ ಕೇಳಿದೆ.

“ಅಕ್ಕ ಸಿಂದಗಿ ಬಿಟ್ಟು ಈಗ ಇಂಡ್ಯಾಗ ಅದಾಳ್ರಿ. ನಾನೂ ಇಂಡ್ಯಾಗ. ಎರಡ ಓಣಿ ಅಂತರ. ಹದಿನಾಕ ವರ್ಷಾತು, ನಮ್ಮ ಮನಿ ಹೊಸ್ತಿಲ ತುಳದಿಲ್ಲ. ಅವ್ವ ಹೋದಾಗ ಹೆಣದ ಆ ಕಡೆ ಆಕಿ, ಈ ಕಡೆ ನಾನು. ಒಂದ ಮಾತಿಲ್ಲ.”

“ಯಾಕ್ರಿ?” ಎಂದು ಕೇಳಿದೆ. ಕೇಳುವಾಗಲೇ ಗೊತ್ತಿತ್ತು.

“ಆ ಹುಳದ ಸಲುವಾಗಿ. ಮುರದದ್ದಕ್ಕಲ್ಲಂತ, ಸುಳ್ಳ ಹೇಳಿದ್ದಕ್ಕಂತ. ನಾ ಮುಟ್ಟಿಲ್ಲಂದ್ರ ನಂಬವಲ್ಲಳು. ನನಗೂ ಸಿಟ್ಟ ಬಂತ್ರಿ, ಹೊರಗಿನವ್ರ ಮಾತ ಹೆಚ್ಚಾತಲ್ಲ ಅಂತ.” ಆಮೇಲೆ ನನ್ನ ಮುಖ ನೋಡಿ, “ನಿಮಗ ಅಂದದ್ದಲ್ಲರಿ, ತಪ್ಪ ತಿಳ್ಕೋಬ್ಯಾಡ್ರಿ,” ಅಂದ.

ಅವನು ನನ್ನ ಕ್ಷಮೆ ಕೇಳಿದ, ಬಾಯಾರೆ. ನನ್ನ! ಆಗಲೂ ನಾನು ಬಾಯಿ ಬಿಡಲಿಲ್ಲ. ಅವನು ಇಳಿದುಹೋದ ಮೇಲೆ ಬಸ್ಸಿನ ಕಿಟಕಿಗೆ ತಲೆಯಿಟ್ಟು ಕೂತೆ.

ಮನೆಗೆ ಬಂದು ಪೆಟಾರಿಯಿಂದ ಪೆಟ್ಟಿಗೆ ತೆಗೆದೆ, ಬೆಂಕಿಪೊಟ್ಟಣ ತೆಗೆದೆ. ರೆಕ್ಕೆಗಳು ಇನ್ನೂ ಇವೆ. ಒಂದರ ಅಂಚು ಮುಕ್ಕಾಗಿದೆ, ತೊಗರಿಬೇಳೆಯ ಗುರುತು ಹಾಗೇ ಇದೆ. ಹೊಟ್ಟೆಯೂ ಹಾಗೇ ಇದೆ. ಅದರ ತುದಿಯಲ್ಲಿ ಏನಿದೆಯೋ ನಾನು ನೋಡಿಲ್ಲ, ನನಗೆ ತಿಳಿಯುವುದೂ ಇಲ್ಲ. ಅದು ನೀವು ಅಂದುಕೊಂಡ ಹುಳವೇ ಆಗಿರಬಹುದು, ಅಲ್ಲದೆಯೂ ಇರಬಹುದು. ಅದನ್ನು ತಿಳಿಯುವ ಹಕ್ಕು ನಿಮ್ಮದಾಗಿತ್ತು. ಹದಿನಾಲ್ಕು ವರ್ಷ ಅದು ನನ್ನ ಪೆಟಾರಿಯಲ್ಲಿ ಕೂತಿತ್ತು. ಪುಣೆಯಲ್ಲಿ ನೀವು ಕಳೆಯಬೇಕಿದ್ದ ಎರಡು ವರ್ಷ, ತಮ್ಮನ ಮನೆಯ ಹಬ್ಬದ ಊಟಗಳು — ಇವನ್ನು ನಾನು ಯಾವ ಗೋಂದಿನಿಂದ ಅಂಟಿಸಲಿ?

ಕ್ಷಮಿಸಿ ಎಂದು ಬರೆದು ಹೊಡೆದುಹಾಕಿದೆ. ಆ ಮಾತು ನೀವು ಕೇಳಿದಾಗ ಹೇಳಬೇಕಿತ್ತು.

ನಾಳೆ ಮುಂಜಾನೆಯ ಬಸ್ಸಿಗೆ ಇಂಡಿಗೆ ಬರುತ್ತೇನೆ. ಮೊದಲು ಪ್ರಭುವಿನ ಮನೆಗೆ ಹೋಗಿ, ಅವನಿಗೆ ಎಲ್ಲ ಹೇಳಿ, ಅವನು ಬಂದರೆ ಅವನನ್ನೂ ಕರೆದುಕೊಂಡು ನಿಮ್ಮ ಬಾಗಿಲಿಗೆ ಬರುತ್ತೇನೆ. ಈ ಕಾಗದ ನಿಮ್ಮ ಕೈಗೆ ಕೊಟ್ಟು ಹೊರಗೆ ನಿಲ್ಲುತ್ತೇನೆ. ಒಳಗೆ ಕರೆಯಬೇಕೆಂದಿಲ್ಲ. ಪೆಟ್ಟಿಗೆ ತೊಡೆಯ ಮೇಲೇ ಇರುತ್ತದೆ. ಮುಚ್ಚಳ ತೆಗೆಯುವುದಿಲ್ಲ. ಮುರಿದದ್ದನ್ನು ಮುರಿದಂತೆಯೇ ಇಟ್ಟಿದ್ದೇನೆ, ಏನೂ ಅಂಟಿಸಿಲ್ಲ.

ಒಂದು ಕೆಲಸ ಮಾತ್ರ ಮಾಡಿದ್ದೇನೆ. ನೀವು ಕಲಿಸಿದಂತೆ ಉಗುರಿನಷ್ಟು ಕಾಗದ ಕತ್ತರಿಸಿ, ಕಪ್ಪು ಶಾಯಿಯಲ್ಲಿ ಬರೆದು, ಬೆಂಕಿಪೊಟ್ಟಣದೊಳಗೆ ಆ ಹೊಟ್ಟೆಯ ಪಕ್ಕದಲ್ಲಿ ಇಟ್ಟಿದ್ದೇನೆ. ಈ ಸಲ ಅಕ್ಷರಗಳು ಸೊಟ್ಟಗಾಗಿವೆ. ಊರು: ಬಸವನ ಬಾಗೇವಾಡಿ. ತಾರೀಖಿನ ಜಾಗದಲ್ಲಿ ಪ್ರಭು ಪುಣೆಗೆ ಹೋದ ದಿನ. ಕೆಳಗಿನ ಸಾಲು ಹೀಗಿದೆ —

ಮುರಿದವನು, ಮುಚ್ಚಿಟ್ಟವನು: ಸಾಯಬಣ್ಣ.